ಗೆರೆ ಬರುವ ಮೊದಲೇ ಆಡಿದವರು

ಇಂಡಿಯಾನಾ ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ತಂಡ ಕಂಡ ಅತಿ ದೊಡ್ಡ ಶೂಟರ್ ಯಾರು? ಸ್ಟೀವ್ ಆಲ್ಫರ್ಡ್. ನನಗಂತೂ ಅನುಮಾನವೇ ಇಲ್ಲ. ಅಮೆರಿಕದ ಕಾಲೇಜು ಆಟಕ್ಕೆಲ್ಲ ಮೂರು ಪಾಯಿಂಟ್ ಗೆರೆ, ಅಂದರೆ ಅದರಾಚೆಯಿಂದ ಹಾಕಿದರೆ ಎರಡರ ಬದಲು ಮೂರು ಪಾಯಿಂಟ್ ಕೊಡುವ ಗೆರೆ, ಬಂದಿದ್ದೇ 1986-87ರಲ್ಲಿ. ಅದು ಅವರ ಕೊನೆಯ ವರ್ಷ. ಸಿಕ್ಕ ಒಂದೇ ಸೀಸನ್‌ನಲ್ಲಿ ಗೆರೆಯಾಚೆಯಿಂದ 202 ಸಲ ಎಸೆದು 107 ಸಲ ಬುಟ್ಟಿಗೆ ಹಾಕಿದರು! ಸಿರಕ್ಯೂಸ್ ಯೂನಿವರ್ಸಿಟಿ ಎದುರಿನ ರಾಷ್ಟ್ರೀಯ ಕಾಲೇಜು ಫೈನಲ್‌ನಲ್ಲಿ ಗೆರೆಯಾಚೆಯಿಂದ ಹತ್ತಕ್ಕೆ ಏಳು. ಇಂಡಿಯಾನಾ ಗೆದ್ದಿದ್ದು 74-73ರಿಂದ. ಗೆಲ್ಲಿಸಿದ ಕೊನೆಯ ಬುಟ್ಟಿ ಅದೇ ತಂಡದ ಕೀತ್ ಸ್ಮಾರ್ಟ್ ಅವರದ್ದು, ನಿಜ. ಆದರೆ ಆ ಏಳು ಇಲ್ಲದಿದ್ದರೆ ಕಪ್ ಎಲ್ಲಿತ್ತು?

ಆಲ್ಫರ್ಡ್ ಫ್ರೀ ಥ್ರೋ, ಅಂದರೆ ಎದುರಾಳಿಯ ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಎಸೆತ, ಎಸೆಯುವುದನ್ನು ನೋಡಬೇಕಿತ್ತು. ಬಗ್ಗಿ ಸಾಕ್ಸ್ ಮುಟ್ಟುವುದು, ಚಡ್ಡಿ ಮುಟ್ಟುವುದು, ಮೂರು ಸಲ ಚೆಂಡು ಪುಟಿಸುವುದು, ಆಮೇಲೆ ಎಸೆತ. ಯೂನಿವರ್ಸಿಟಿಯ ಊರಾದ ಬ್ಲೂಮಿಂಗ್ಟನ್‌ನ ಜನ ಒಂದೊಂದನ್ನೂ ಜೋರಾಗಿ ಕೂಗಿ ಹೇಳುತ್ತಿದ್ದರು.

ಇದೇ ಇಂಡಿಯಾನಾ ತಂಡಕ್ಕೆ ಗೆರೆ ಬರುವ ಮೊದಲೇ ಆಡಿದ ಜಿಮ್ಮಿ ರೇಲ್ ಹೆಸರು ಮಾತ್ರ ಯಾಕೋ ಜಾಸ್ತಿ ಕೇಳಿಸುವುದಿಲ್ಲ. 1962ರಲ್ಲಿ ಒಂದೇ ಪಂದ್ಯಕ್ಕೆ 56 ಪಾಯಿಂಟ್. 1963ರಲ್ಲಿ ಮತ್ತೆ 56. ಆಗ ಎಷ್ಟು ದೂರದಿಂದ ಹಾಕಿದರೂ ಎರಡೇ ಪಾಯಿಂಟ್ ಅಲ್ವಾ? ಆಲ್ಫರ್ಡ್ ಪಕ್ಕದಲ್ಲೇ ಅವರ ಹೆಸರೂ ಬರಬೇಕು ಅಂತ ನಾನು ಯಾರ ಹತ್ತಿರ ಬೇಕಾದರೂ ವಾದ ಮಾಡುತ್ತೇನೆ.