ಅಡಿಕೆ ತಿಂದ್ರೆ ಕ್ಯಾನ್ಸರ್ ಬರುತ್ತಾ? ನಮ್ಮಜ್ಜನಿಗೆ ಬರಲಿಲ್ಲವಲ್ಲ?

ಮಲೆನಾಡಿನ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಮಕ್ಕಳಿಗೆ ಕ್ಯಾನ್ಸರ್ ಬಯಾಲಜಿ ಹೇಳಿಕೊಡುವುದು ನನ್ನ ಕೆಲಸ. ಜೀವಕೋಶ ಹೇಗೆ ದಾರಿ ತಪ್ಪುತ್ತದೆ, ಯಾವ ಜೀನ್ ಕೆಟ್ಟರೆ ಏನಾಗುತ್ತದೆ, ಇಷ್ಟೇ ನನ್ನ ಪಾಠ. ನಾನು ಆಸ್ಪತ್ರೆಯ ಡಾಕ್ಟರ್ ಅಲ್ಲ. ಹೆಸರಿನ ಮುಂದಿರುವ 'ಡಾ.' ಪಿಎಚ್.ಡಿ.ಯದ್ದು. ಇದನ್ನು ಹೇಳಿ ಹೇಳಿ ಸಾಕಾಗಿದೆ. ಹೇಳಿದ ಮೇಲೂ ಜನ ಎಕ್ಸ್‌ರೇ ತಂದು ತೋರಿಸುತ್ತಾರೆ.

ಎಕ್ಸ್‌ರೇ ಇಲ್ಲದವರ ಹತ್ತಿರ ಒಂದೇ ಪ್ರಶ್ನೆ ಇರುತ್ತದೆ. ಮದುವೆ ಮನೆ, ಬಸ್‌ಸ್ಟ್ಯಾಂಡ್, ಪೋಷಕರ ಸಭೆ, ಎಲ್ಲೇ ಸಿಕ್ಕರೂ ಅದೇ. "ಮೇಡಂ, ಅಡಿಕೆ ತಿಂದ್ರೆ ಕ್ಯಾನ್ಸರ್ ಬರುತ್ತಾ ಇಲ್ವಾ? ಒಂದೇ ಮಾತಲ್ಲಿ ಹೇಳಿ."

ಒಂದೇ ಮಾತಲ್ಲಿ ಹೇಳುತ್ತೇನೆ. ಬರಬಹುದು.

ಹೇಳಿ ಮುಗಿಸುವಷ್ಟರಲ್ಲಿ ಅಜ್ಜ ಹಾಜರಾಗುತ್ತಾರೆ. "ಮತ್ತೆ ನಮ್ಮಜ್ಜ ಎಂಬತ್ತೈದು ವರ್ಷ ಕವಳ ಹಾಕಿದ್ರಲ್ಲ, ಅವರಿಗೆ ಏನೂ ಆಗ್ಲಿಲ್ವಲ್ಲ?" ಈ ಜಿಲ್ಲೆಯಲ್ಲಿ ಕವಳ, ಅಂದರೆ ಎಲೆಯಡಿಕೆ, ಹಾಕದೆ ಸತ್ತ ಅಜ್ಜ ಒಬ್ಬರಾದರೂ ಇದ್ದಾರಾ ಎಂದು ನನಗೆ ಅನುಮಾನ. ಪ್ರಶ್ನೆ ಕೇಳಿದವರಿಗೆ ಉತ್ತರ ಬೇಕಾಗಿರುವುದಿಲ್ಲ. ಅಡಿಕೆಗೆ ನನ್ನಿಂದ ಒಂದು ನಡತೆ ಪ್ರಮಾಣಪತ್ರ ಬೇಕಾಗಿರುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯದ್ದೂ ಅಡಿಕೆ ತೋಟವೇ. ನನ್ನ ಹಾಸ್ಟೆಲ್ ಫೀಸು ಕಟ್ಟಿದ್ದು ರಾಶಿ ಅಡಿಕೆ. ದರ ಬಿದ್ದ ದಿನ ನಮ್ಮನೆಯಲ್ಲೂ ಯಾರೂ ಸರಿಯಾಗಿ ಮಾತಾಡುವುದಿಲ್ಲ. ಆದ್ದರಿಂದ "ನೀವು ಬೆಳೆಗಾರರ ವಿರೋಧಿ" ಎನ್ನುವವರು ದಯವಿಟ್ಟು ಬೇರೆ ಏನಾದರೂ ಹುಡುಕಿ.

"ಅಡಿಕೆ ತಪ್ಪಲ್ಲ, ಹೊಗೆಸೊಪ್ಪಿನ ತಪ್ಪು" ಎನ್ನುವುದು ಎರಡನೇ ವಾದ. ಒಂದು ಕಾಲಕ್ಕೆ ಇದಕ್ಕೆ ಆಧಾರ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯಾನ್‌ನಲ್ಲಿದೆ. 1985ರಲ್ಲಿ ಅದು ಹೊಗೆಸೊಪ್ಪು ಹಾಕಿದ ಕವಳ ಕ್ಯಾನ್ಸರ್ ತರುತ್ತದೆ ಎಂದಿತು. ಹೊಗೆಸೊಪ್ಪಿಲ್ಲದ್ದರ ಬಗ್ಗೆ ಸಾಕಷ್ಟು ಪುರಾವೆ ಇಲ್ಲ ಎಂದಿತು. ಆಮೇಲೆ ತೈವಾನ್‌ನಿಂದ ಲೆಕ್ಕ ಬಂತು. ಅಲ್ಲಿಯವರು ಅಡಿಕೆ ಜಗಿಯುತ್ತಾರೆ, ಅದಕ್ಕೆ ಹೊಗೆಸೊಪ್ಪು ಸೇರಿಸುವುದಿಲ್ಲ. ಆದರೂ ಬಾಯಿ ಕ್ಯಾನ್ಸರ್ ಜಾಸ್ತಿ. 2004ರಲ್ಲಿ ಪ್ರಕಟವಾದ ವರದಿಯಲ್ಲಿ ಬರೀ ಅಡಿಕೆಯೂ ಮೊದಲನೇ ಗುಂಪಿಗೆ ಸೇರಿತು.

ಈ ಮೊದಲನೇ ಗುಂಪು ಎಂದರೆ ಅತಿ ಭಯಂಕರ ಎಂದು ತಿಳಿಯಬೇಡಿ. ಬಿಸಿಲೂ ಅದೇ ಗುಂಪಿನಲ್ಲಿದೆ, ಹೆಂಡವೂ ಇದೆ. ಒಂದು ವಸ್ತು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎನ್ನುವುದಕ್ಕೆ ಪುರಾವೆ ಗಟ್ಟಿಯಾಗಿದೆ ಎಂದಷ್ಟೇ ಆ ಗುಂಪು ಹೇಳುತ್ತದೆ. ಎಷ್ಟು ತಿಂದರೆ, ಎಷ್ಟು ವರ್ಷಕ್ಕೆ, ಎಷ್ಟು ಜನರಿಗೆ ಎನ್ನುವುದು ಬೇರೆ ಲೆಕ್ಕ. ಟಿವಿಯವರು ಇದನ್ನು ಹೇಳುವುದಿಲ್ಲ, ಬೆಳೆಗಾರರ ಸಭೆಯಲ್ಲೂ ಹೇಳುವುದಿಲ್ಲ. ಪರೀಕ್ಷೆಯಲ್ಲಿ ನನ್ನ ಮಕ್ಕಳು ಸಹ ಇದನ್ನೇ ತಪ್ಪು ಬರೆಯುತ್ತಾರೆ.

ಹೋದ ವರ್ಷ ನೆಂಟರ ಮನೆಯಲ್ಲಿ ಉಪನಯನ. ಊಟ ಮುಗಿದು ಜಗಲಿಯಲ್ಲಿ ಕವಳದ ತಟ್ಟೆ ಓಡಾಡುತ್ತಿತ್ತು. ದೊಡ್ಡಪ್ಪನ ಬೀಗರು, ದೊಡ್ಡ ದನಿಯವರು, ಅಡಕತ್ತರಿ ಕೈಯಲ್ಲಿ ಹಿಡಿದೇ ಕೂಗಿದರು. "ಎಂತ ಮಾರಾಯ್ತಿ, ಅಡಿಕೆ ತಿಂದ್ರೆ ಸಾಯ್ತೀರಿ ಅಂತ ಪಾಠ ಮಾಡ್ತೀಯಂತೆ? ನನ್ನಪ್ಪ ತೊಂಬತ್ತೆರಡಕ್ಕೆ ಹೋದದ್ದು. ಹೋದ ದಿನ ಬೆಳಿಗ್ಗೆಯೂ ಕವಳ ಹಾಕಿದ್ದ!" ಜಗಲಿ ಪೂರ್ತಿ ನಕ್ಕಿತು. "ಒಳ್ಳೇದಾಯ್ತು ಮಾವಯ್ಯ" ಎಂದೆ. ಇನ್ನೇನು ಹೇಳಲಿ?

ಅಲ್ಲಿ ನಕ್ಕವರಲ್ಲಿ ಒಬ್ಬ ಪಿಕಪ್ ಓಡಿಸುವ ಹುಡುಗ ಇದ್ದ. ಹುಡುಗ ಎಂದರೆ ಮೂವತ್ತು ದಾಟಿರಬೇಕು. ಪಂಕ್ತಿಯಲ್ಲಿ ನನ್ನ ಎದುರಿಗೇ ಕೂತಿದ್ದ. ಅಪ್ಪೆಹುಳಿ ಬಂದಾಗ ಕೈ ಅಡ್ಡ ಹಿಡಿದು "ಬೇಡ, ಉರಿಯುತ್ತೆ" ಎಂದಿದ್ದ. ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ, ಕಿವುಚಿ, ಚೂರು ಚೂರೇ ಬೆರಳಿನಿಂದ ಒಳಗೆ ತಳ್ಳುತ್ತಿದ್ದ. ಬೀಗರ ಮಾತಿಗೆ ಎಲ್ಲರ ಬಾಯಿ ಅಗಲವಾಯಿತು. ಇವನದ್ದು ಒಂದು ಬೆರಳು ಹೋಗುವಷ್ಟು ತೆರೆಯಿತು, ಅಷ್ಟೇ. ಅಂಗಿ ಜೇಬಿನಲ್ಲಿ ಪ್ಯಾಕೆಟ್‌ಗಳ ಸರ ಇತ್ತು.

ನಾನು ಡಾಕ್ಟರ್ ಅಲ್ಲ ಎಂದು ಮೇಲೆಯೇ ಹೇಳಿದ್ದೇನೆ. ಆದರೂ ನಾನು ಪಾಠದಲ್ಲಿ ಹೇಳುವ ಚಿತ್ರ ಕಣ್ಣೆದುರಿಗೇ ಕೂತರೆ ಗೊತ್ತಾಗದೆ ಇರುತ್ತಾ? ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ರಾಸಾಯನಿಕ ಬಾಯಿಯ ಒಳಚರ್ಮದ ಕೆಳಗಿನ ಕೋಶಗಳನ್ನು ಕೆಣಕುತ್ತದೆ. ಅವು ಕೊಲ್ಯಾಜನ್ ನಾರನ್ನು ನೇಯುತ್ತಲೇ ಹೋಗುತ್ತವೆ. ಹಳೆಯ ನಾರು ಕರಗುವುದಿಲ್ಲ. ಕೆನ್ನೆ ಬಿಗಿಯುತ್ತದೆ, ಖಾರ ಉರಿಯುತ್ತದೆ, ಬಾಯಿ ತೆರೆಯುವುದು ಕಮ್ಮಿಯಾಗುತ್ತದೆ. ಇದಿನ್ನೂ ಕ್ಯಾನ್ಸರ್ ಅಲ್ಲ. ಆದರೆ ಇಂಥ ಬಾಯಲ್ಲಿ ಮುಂದೆ ಕ್ಯಾನ್ಸರ್ ಆಗುವ ಸಂಭವ ಉಳಿದವರಿಗಿಂತ ಎಷ್ಟೋ ಜಾಸ್ತಿ. ಅವನನ್ನು ಆಚೆ ಕರೆದು ಹಲ್ಲಿನ ಡಾಕ್ಟರ ಹತ್ತಿರ ಹೋಗು ಎಂದೆ. "ಹಲ್ಲು ಸರಿ ಇದೆ ಅಕ್ಕಾ" ಎಂದ.

ಅಜ್ಜಂದಿರ ವಾದದಲ್ಲಿ ನನಗೆ ಸಿಟ್ಟು ಬರುವುದು ಇಲ್ಲಿಯೇ. ತೊಂಬತ್ತೆರಡರ ಅಪ್ಪನನ್ನು ಜಗಲಿಯಲ್ಲಿ ಎಲ್ಲರೂ ನೆನೆಯುತ್ತಾರೆ. ಐವತ್ತಕ್ಕೆ ಬಾಯಿ ಹುಣ್ಣಾಗಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ವಾಪಸ್ ಬಾರದ ಚಿಕ್ಕಪ್ಪನ ಕಥೆ ಜಗಲಿಗೆ ಬರುವುದಿಲ್ಲ. ಬಂದರೂ "ಅವನ ಹಣೆಬರಹ" ಎಂದು ಮುಗಿಯುತ್ತದೆ. ಕುಡಿದು ಆಗುಂಬೆ ಘಾಟಿ ಇಳಿಸಿದವರೆಲ್ಲ ಕಂದಕಕ್ಕೆ ಬಿದ್ದಿಲ್ಲ. ಹಾಗಂತ ಡ್ರೈವರಿಗೆ ಕುಡಿಸಿ ಕಳಿಸುತ್ತೀರಾ?

ಇನ್ನೊಂದು. ಅಜ್ಜನ ಕವಳ ಬೇರೆ, ಆ ಹುಡುಗನ ಜೇಬಿನ ಪ್ಯಾಕೆಟ್ ಬೇರೆ. ಅಜ್ಜ ಊಟವಾದ ಮೇಲೆ ಎಲೆಗೆ ಸುಣ್ಣ ಹಚ್ಚಿ, ಮಡಚಿ, ಜಗಿದು, ಉಗಿದು, ಬಾಯಿ ತೊಳೆದು ಕೆಲಸಕ್ಕೆ ಹೋಗುತ್ತಿದ್ದರು. ಪ್ಯಾಕೆಟ್‌ನದ್ದು ಒಣ ಪುಡಿ, ಬೆಳಿಗ್ಗೆಯಿಂದ ರಾತ್ರಿವರೆಗೆ ಕೆನ್ನೆಯಲ್ಲೇ ಇರುತ್ತದೆ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಯಿತು. ಬೆರೆಸುವ ಕೆಲಸ ಮಾತ್ರ ಗಿರಾಕಿಗೆ ಬಂತು. ಇಷ್ಟಾದರೂ ಪ್ಯಾಕೆಟ್ ಪರವಾಗಿ ಸಾಕ್ಷಿ ಹೇಳಲು ಎಲ್ಲರೂ ಅಜ್ಜನನ್ನೇ ಕರೆಯುತ್ತಾರೆ. 2022ರಲ್ಲಿ ಜಗತ್ತಿನಲ್ಲಿ ಹೊಗೆರಹಿತ ತಂಬಾಕು ಮತ್ತು ಅಡಿಕೆಯಿಂದ ಬಂದ ಬಾಯಿ ಕ್ಯಾನ್ಸರ್ ಸುಮಾರು 1,20,000 ಎಂದು ಲಿಯಾನ್‌ನ ಅದೇ ಸಂಸ್ಥೆಯವರ ಅಂದಾಜು. ಅದರಲ್ಲಿ 83,000ಕ್ಕೂ ಹೆಚ್ಚು ಭಾರತದ್ದೇ.

ಸರಿ, ಅಜ್ಜನಿಗೆ ಯಾಕೆ ಬರಲಿಲ್ಲ? ಇದನ್ನು ವಾದಕ್ಕಲ್ಲದೆ ನಿಜವಾಗಿ ಕೇಳಿದರೆ ಒಳ್ಳೆಯ ಪ್ರಶ್ನೆ. ಒಂದು ಸೆಮಿಸ್ಟರ್ ಪೂರ್ತಿ ನಾನು ಇದನ್ನೇ ಹೇಳುತ್ತೇನೆ.

ಕೆನ್ನೆಯ ಒಳಮೈ ಪದರ ಪದರವಾಗಿದೆ. ಮೇಲಿನ ಕೋಶಗಳು ಉದುರುತ್ತಾ ಇರುತ್ತವೆ, ಎರಡು ಮೂರು ವಾರದಲ್ಲಿ ಇಡೀ ಪದರವೇ ಹೊಸದು. ಅಡಿಕೆಯಿಂದ ಮೇಲಿನ ಕೋಶದ ಡಿಎನ್ಎ ಎಷ್ಟು ಕೆಟ್ಟರೂ ಅದು ಉಗುಳಿನ ಜೊತೆ ಹೋಗುತ್ತದೆ. ಏಟು ಬೀಳಬೇಕಾದದ್ದು ತಳದ ಸಾಲಿಗೆ. ಅಲ್ಲಿಯ ಕೋಶಗಳು ಒಡೆದು ಎರಡಾಗಿ ಮೇಲಿನವನ್ನು ಹುಟ್ಟಿಸುತ್ತವೆ. ಸುಣ್ಣವೂ ಅಡಿಕೆಯ ಒಗರೂ ಸೇರಿ ಹುಟ್ಟುವ ಚುರುಕು ಆಮ್ಲಜನಕ, ಅರೆಕೊಲಿನ್ ಜೊಲ್ಲಿನಲ್ಲಿ ಬದಲಾಗಿ ಆಗುವ ನೈಟ್ರೋಸಮೀನ್, ಇವು ಅಲ್ಲಿವರೆಗೆ ಇಳಿಯಬೇಕು. ಇಳಿದು ಡಿಎನ್ಎ ಕೆಡಿಸಿದರೂ ರಿಪೇರಿ ಮಾಡುವ ಪ್ರೋಟೀನುಗಳಿವೆ. ಅವು ಬರುವ ಮೊದಲೇ ಕೋಶ ಒಡೆದರೆ ತಪ್ಪು ಶಾಶ್ವತ. ಆ ತಪ್ಪೂ ಸರಿಯಾದ ಜಾಗದಲ್ಲೇ ಆಗಬೇಕು. ಡಿಎನ್ಎಯ ಮುನ್ನೂರು ಕೋಟಿ ಅಕ್ಷರಗಳಲ್ಲಿ ಹೆಚ್ಚಿನ ಕಡೆ ಒಂದು ಅಕ್ಷರ ಬದಲಾದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಕೆಲವು ಜಾಗದಲ್ಲಿ ಒಂದೇ ಅಕ್ಷರ ಸಾಕು. 1982ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕೋಶಗಳಲ್ಲಿ ರ್ಯಾಸ್ ಎಂಬ ಜೀನನ್ನು ಓದಿದರು. ಆರೋಗ್ಯವಂತ ಕೋಶದಲ್ಲಿ ಜಿಜಿಸಿ ಇದ್ದ ಕಡೆ ಜಿಟಿಸಿ ಆಗಿತ್ತು. ಅಷ್ಟರಿಂದ ಪ್ರೋಟೀನಿನ 12ನೇ ಸ್ಥಾನದಲ್ಲಿ ಗ್ಲೈಸೀನ್ ಎಂಬ ಅಮೈನೋ ಆಮ್ಲ ಹೋಗಿ ವ್ಯಾಲೀನ್ ಬಂತು. 'ಒಡೆ' ಎಂಬ ಆಜ್ಞೆ ಕೊಟ್ಟ ಮೇಲೆ ತಾನೇ ಸುಮ್ಮನಾಗಬೇಕಿದ್ದ ಪ್ರೋಟೀನ್ ಸುಮ್ಮನಾಗಲಿಲ್ಲ. ಬೋರ್ಡಿನ ಮೇಲೆ ಆ ಮೂರಕ್ಷರ ಬರೆದು ನಡುವಿನದ್ದನ್ನು ಅಳಿಸುವಾಗ ಇವತ್ತಿಗೂ ನನಗೆ ರೋಮಾಂಚನ. ಹಿಂದಿನ ಬೆಂಚಿನವರು ಮೊಬೈಲ್ ನೋಡುತ್ತಿರುತ್ತಾರೆ, ಅದು ಬೇರೆ ವಿಷಯ.

ಇದೊಂದೇ ಸಾಲುವುದಿಲ್ಲ. ಹೀಗೆ ಕೆಟ್ಟ ಕೋಶವನ್ನು ತಡೆದು ನಿಲ್ಲಿಸಲು, ಬೇಕಾದರೆ ಸಾಯಿಸಲು ಪಿ53 ಎಂಬ ಪ್ರೋಟೀನ್ ಇದೆ. ಅದನ್ನು ಮಾಡಿಸುವ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಸಾಮಾನ್ಯವಾಗಿ ಎರಡೂ ಕೈಕೊಡಬೇಕು. ಎರಡು ಏಟಿನ ಈ ಲೆಕ್ಕವನ್ನು ಮಕ್ಕಳ ಕಣ್ಣಿನ ಕ್ಯಾನ್ಸರ್ ನೋಡಿ ಹಾಕಿದವರು ನಡ್ಸನ್, 1971ರಲ್ಲಿ. ಅದಕ್ಕೂ ಮೊದಲು, 1954ರಲ್ಲಿ, ಆರ್ಮಿಟೇಜ್ ಮತ್ತು ಡಾಲ್ ಬರೀ ವಯಸ್ಸು ಮತ್ತು ಸಾವಿನ ಅಂಕಿ ಇಟ್ಟುಕೊಂಡು ಒಂದು ಕ್ಯಾನ್ಸರ್‌ಗೆ ಆರೇಳು ಹಂತ ಬೇಕು ಎಂದಿದ್ದರು. ನಿಮ್ಮಜ್ಜನ ಕೆನ್ನೆಯಲ್ಲಿ ಅದರಲ್ಲಿ ಮೂರೋ ನಾಲ್ಕೋ ಆಗಿರಲೂಬಹುದು. ಉಳಿದದ್ದು ಆಗುವ ಮೊದಲೇ ಅವರು ವಯಸ್ಸಾಗಿ ಹೋದರು.

ಭಾರತದ ವಿಜ್ಞಾನಿಗಳ ತಂಡವೊಂದು 2013ರಲ್ಲಿ ಕೆನ್ನೆ ಮತ್ತು ವಸಡಿನ ಕ್ಯಾನ್ಸರ್‌ಗಳ ಜೀನ್‌ಗಳನ್ನು ಓದಿ ಪ್ರಕಟಿಸಿತು. ಎಂದರೆ ಕವಳ ಕೂರುವ ಜಾಗದ್ದೇ. ಪಿ53ರ ಜೀನ್, ಎಚ್‌ರ್ಯಾಸ್, ನಾಚ್1, ಕ್ಯಾಸ್ಪೇಸ್ 8, ಫ್ಯಾಟ್1, ಎಲ್ಲ ಕೆಟ್ಟ ಜೀನ್‌ಗಳ ಆ ಪಟ್ಟಿಯಲ್ಲಿವೆ. ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಬಂದ ಹೆಸರುಗಳು ಒಂದೇ ಕಡೆ, ಅದೂ ನಮ್ಮವರದ್ದೇ ಬಾಯಲ್ಲಿ. ಪ್ರತಿ ವರ್ಷ ಆ ಪಟ್ಟಿ ತೋರಿಸುತ್ತೇನೆ.

ಪ್ರಾಕ್ಟಿಕಲ್‌ನಲ್ಲಿ ಮಕ್ಕಳು ಟೂತ್‌ಪಿಕ್‌ನಿಂದ ತಮ್ಮದೇ ಕೆನ್ನೆ ಕೆರೆದು ಸ್ಲೈಡಿಗೆ ಹಚ್ಚುತ್ತಾರೆ. ಡಿಎನ್ಎ ಎಳೆ ತುಂಡಾದ ಕೋಶದಲ್ಲಿ ದೊಡ್ಡ ನ್ಯೂಕ್ಲಿಯಸ್ ಪಕ್ಕ ಒಂದು ಪುಟ್ಟ ಚುಕ್ಕೆ ಕಾಣುತ್ತದೆ, ಅದೇ ಮೈಕ್ರೋನ್ಯೂಕ್ಲಿಯಸ್. ಮಿಥಿಲೀನ್ ನೀಲಿ ಹಾಕಿದರೆ ಬಾಯಿಯ ಬ್ಯಾಕ್ಟೀರಿಯಾವೂ ನೀಲಿಯಾಗುತ್ತದೆ. ಪ್ರತಿ ಬ್ಯಾಚಿನಲ್ಲೂ ಯಾರಾದರೂ ಬ್ಯಾಕ್ಟೀರಿಯಾ ನೋಡಿ "ಮೇಡಂ, ನಂಗೆ ಕ್ಯಾನ್ಸರ್" ಎಂದು ಹೆದರುತ್ತಾರೆ. ಆಮೇಲೆ ಡಿಎನ್ಎಯನ್ನಷ್ಟೇ ಕೆಂಪು ಮಾಡುವ ಫಾಯಲ್ಗನ್ ಬಣ್ಣ ಹಾಕಿಸುತ್ತೇನೆ. ಚುಕ್ಕೆ ಕಂಡರೂ ಕ್ಯಾನ್ಸರ್ ಎಂದಲ್ಲ. ತಳದ ಸಾಲಿನಲ್ಲಿ ಏಟು ಬೀಳುತ್ತಿದೆ ಎಂದಷ್ಟೇ.

ಈ ಸಲ ಫೈಬ್ರೋಸಿಸ್ ಹೇಳುವಾಗ ತಾಮ್ರದ ವಿಷಯ ಬಂತು. ಕೊಲ್ಯಾಜನ್ ನಾರುಗಳನ್ನು ಒಂದಕ್ಕೊಂದು ಹೊಲಿಯುವ ಕಿಣ್ವಕ್ಕೆ ತಾಮ್ರ ಬೇಕು, ಅಡಿಕೆಯಲ್ಲಿ ತಾಮ್ರ ಜಾಸ್ತಿ ಎಂದೆ. ತೋಟದ ಮನೆಯ ಹುಡುಗನೊಬ್ಬ ಕೈ ಎತ್ತಿದ. "ಮೇಡಂ, ಆ ತಾಮ್ರ ಮರದ್ದಾ, ನಾವು ಹೊಡೆಯೋ ಮೈಲುತುತ್ತದ್ದಾ? ಹಿಂದೆ ಕೊಳೆರೋಗ ಬರದೇ ಇರಲಿ ಅಂತ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ತಿದ್ರಂತೆ. ಹಾಗಾದ್ರೆ ಅಜ್ಜ ತಿಂದ ಅಡಿಕೆ ಬೇರೆ, ನಾವು ಮಾರೋದು ಬೇರೆ ಅಲ್ವಾ?"

ಎಲ್ಲರೂ ಎಳೆದು ತರುವ ಅದೇ ಅಜ್ಜ. ಆದರೆ ಹೀಗೆ ಕೇಳಿದವರು ಯಾರೂ ಇರಲಿಲ್ಲ. ಸಿಂಪಡಿಸಿದ ಅಡಿಕೆಯಲ್ಲಿ ತಾಮ್ರ ಹೆಚ್ಚು ಎಂದು ಅಳೆದವರಿದ್ದಾರೆ, ಅದನ್ನು ಹೇಳಿದೆ. ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಸದಲ್ಲ ಎಂದೂ ಹೇಳಿದೆ. ಮೈಸೂರು ಸರ್ಕಾರದಲ್ಲಿದ್ದ ಕೆನಡಾದ ಕೋಲ್‌ಮನ್ 1910ರ ಸುಮಾರಿಗೇ ಕೊಳೆರೋಗದ ಮೇಲೆ ಕೆಲಸ ಮಾಡಿ ಈ ದ್ರಾವಣವನ್ನು ಮಲೆನಾಡಿಗೆ ತಂದವರು. ನಿನ್ನಜ್ಜನ ತೋಟಕ್ಕೂ ಹೊಡೆದಿರಬಹುದು, ಮೊದಲು ಮನೆಯಲ್ಲಿ ಕೇಳಿ ಬಾ ಎಂದೆ. ಕೇಳಿಕೊಂಡು ಬಂದ. ಅಜ್ಜ ಕೊಟ್ಟೆಯನ್ನೇ ಕಟ್ಟಿಸುತ್ತಿದ್ದರಂತೆ, ಔಷಧ ಹೊಡೆಯುವ ದೋಟಿ ಪಂಪು ಬಂದದ್ದು ಅಪ್ಪನ ಕಾಲಕ್ಕೆ.

ಈಗ ಅದೇ ಅವನ ಪ್ರಾಜೆಕ್ಟ್. ಇವತ್ತಿಗೂ ಕೊಟ್ಟೆ ಕಟ್ಟುವ ಒಂದು ತೋಟ ಹುಡುಕಿದ್ದಾನೆ. ಅಲ್ಲಿಯ ಅಡಿಕೆ, ಬೋರ್ಡೋ ಹೊಡೆದ ತೋಟದ ಅಡಿಕೆ, ಎರಡರಲ್ಲೂ ಬೇಯಿಸದೆ ಒಣಗಿಸಿದ ಚಾಲಿ ಒಂದು, ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಒಗರು ನೀರಿನಲ್ಲಿ, ಬೇಯಿಸಿದ ರಾಶಿ ಒಂದು. ಬೇಯಿಸಿದರೆ ತಾಮ್ರ ಚೊಗರಿಗೆ ಹೋಗುತ್ತದೋ, ಚೊಗರಿನಿಂದ ಅಡಿಕೆಗೆ ಬರುತ್ತದೋ ಎನ್ನುವುದು ಅವನ ಈಗಿನ ತಲೆಬಿಸಿ. ಅಳೆಯುವ ಯಂತ್ರ ಹೊರಗೆ ಎಲ್ಲಾದರೂ ಕೇಳಿ ಹೊಂದಿಸಬಹುದು. ಮೊದಲು ಅಡಿಕೆಯನ್ನು ಸುಟ್ಟು ಬೂದಿ ಮಾಡಬೇಕು. ಅದಕ್ಕೆ ಬೇಕಾದ ಫರ್ನೇಸ್ ಕೆಮಿಸ್ಟ್ರಿ ವಿಭಾಗದಲ್ಲಿದೆ, ಕೀ ಅಟೆಂಡರ್ ಹತ್ತಿರ. ಅಟೆಂಡರ್ ಕೇಳಿದ್ದು ಗೊತ್ತಲ್ಲ? "ಅಡಿಕೆ ತಿಂದ್ರೆ ಕ್ಯಾನ್ಸರ್ ಬರುತ್ತಾ ಮೇಡಂ?" ಈ ಸಲ ಆ ಹುಡುಗನನ್ನೇ ಉತ್ತರ ಹೇಳಲು ಕೂರಿಸಿ ಬಂದಿದ್ದೇನೆ.