ಚಳಿಗಾಲದಲ್ಲಿ ಗಾಲ್ವೇಗೆ ಒಂದು ದಿನ: ಮಕ್ಕಳು, ಅಪ್ಪ ಅಮ್ಮನ ಜೊತೆ ಹೋಗುವವರಿಗೆ

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಡಬ್ಲಿನ್ ಸುತ್ತಿದ್ದಾಯ್ತು, ಬೆಳಿಗ್ಗೆ ಹೋಗಿ ರಾತ್ರಿ ಬರುವ ಹಾಗೆ ಸಮುದ್ರದ ಊರು ಯಾವುದಿದೆ ಅಂತ ಇಲ್ಲಿನ ಕನ್ನಡದವರು ಕೇಳುತ್ತಲೇ ಇರುತ್ತಾರೆ. ನಾನು ಹೇಳುವುದು ಐರ್ಲೆಂಡಿನ ಪಶ್ಚಿಮ ತೀರದ ಗಾಲ್ವೇ. ಡಿಸೆಂಬರ್‌ನಲ್ಲೂ ಹೋಗಬಹುದಾ? ಧಾರಾಳವಾಗಿ. ಆದರೆ ಒಂದು ಮಾತು ನೆನಪಿರಲಿ: ಅಲ್ಲಿ ಚಳಿಗಿಂತ ದೊಡ್ಡ ಸಮಸ್ಯೆ ಬೆಳಕು. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವಾಗಲೇ ಒಂಬತ್ತು ಗಂಟೆ ಹತ್ತಿರ, ಮುಳುಗುವುದು ಸಂಜೆ ನಾಲ್ಕೂ ಕಾಲು ಸುಮಾರಿಗೆ. ಇಡೀ ದಿನದ ಪ್ಲಾನ್ ಇದರ ಮೇಲೆ ನಿಲ್ಲಬೇಕು.

ನಾವು ಐದು ಜನ. ನಾನು, ನಮ್ಮ ಯಜಮಾನರು, ಆರು ವರ್ಷದ ಮಗಳು, ಅಪ್ಪ, ಅಮ್ಮ. ಡಬ್ಲಿನ್‌ನ ಹ್ಯೂಸ್ಟನ್ ಸ್ಟೇಷನ್‌ನಿಂದ ಬೆಳಗಿನ ಮೊದಲ ಟ್ರೇನ್ ಹಿಡಿದೆವು. ಎರಡೂವರೆ ಗಂಟೆ ಪ್ರಯಾಣ. ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿದರೆ ಟಿಕೆಟ್ ಅಗ್ಗ, ಸೀಟಿನ ಮೇಲೆ ನಿಮ್ಮ ಹೆಸರೂ ಬರುತ್ತದೆ. ಅಪ್ಪ ತಮ್ಮ ಹೆಸರಿನ ಫೋಟೋ ತೆಗೆದು ಆಗಲೇ ಊರಿಗೆ ಕಳಿಸಿಬಿಟ್ಟರು. ಹೊರಡುವಾಗ ಕಗ್ಗತ್ತಲು, ಆ್ಯಥ್‌ಲೋನ್‌ನಲ್ಲಿ ಶಾನನ್ ನದಿ ದಾಟುವ ಹೊತ್ತಿಗೆ ಬೆಳಗಾಗಿರುತ್ತದೆ, ಕಿಟಕಿ ಪಕ್ಕ ಕೂತವರು ಅಲ್ಲಿ ನಿದ್ದೆ ಮಾಡಬೇಡಿ. ಬಸ್ ಕೂಡ ಚೆನ್ನಾಗಿದೆ, ಡಬ್ಲಿನ್ ಏರ್‌ಪೋರ್ಟ್‌ನಿಂದಲೇ ನೇರ ಬಸ್ಸುಗಳಿವೆ. ಆದರೆ ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಟ್ರೇನೇ ವಾಸಿ, ಎದ್ದು ಓಡಾಡಬಹುದು, ಟಾಯ್ಲೆಟ್ ಚಿಂತೆ ಇಲ್ಲ.

ಶನಿವಾರ ಹೋಗಿ. ಸೇಂಟ್ ನಿಕೋಲಸ್ ಚರ್ಚ್ ಪಕ್ಕದ ಬೀದಿಯಲ್ಲಿ ಅವತ್ತು ಸಂತೆ ಇರುತ್ತದೆ, ಸಿಟಿ ಮ್ಯೂಸಿಯಂ ಕೂಡ ತೆರೆದಿರುತ್ತದೆ. ಸ್ಟೇಷನ್‌ನಿಂದ ಹೊರಗೆ ಬಂದರೆ ಪಕ್ಕದಲ್ಲೇ ಊರ ನಡುವಿನ ಚೌಕ ಐರ್ ಸ್ಕ್ವೇರ್, ಅಲ್ಲಿಂದ ಶಾಪ್ ಸ್ಟ್ರೀಟ್. ಹಳೇ ಊರಿನ ಈ ಬೀದಿಗಳಲ್ಲಿ ವಾಹನಗಳ ಕಾಟ ಇಲ್ಲ, ಮಗು ಕೈ ಬಿಟ್ಟರೂ ಎದೆ ಝಲ್ ಅನ್ನುವುದಿಲ್ಲ. ನಾವು ಇಳಿದಾಗ ಜಿಟಿಜಿಟಿ ಮಳೆ. ಹಾಗಾಗಿ ಮೊದಲು ಚರ್ಚ್ ಒಳಗೆ ಹೋದೆವು. 1320ರಲ್ಲಿ ಕಟ್ಟಿದ್ದು, ಇವತ್ತಿಗೂ ಪ್ರಾರ್ಥನೆ ನಡೆಯುತ್ತದೆ. ಹೊರಗೆ ಸಂತೆಯಲ್ಲಿ ಚೀಸ್, ಆಲಿವ್, ತರಕಾರಿ, ಬಿಸಿ ಬಿಸಿ ತಿಂಡಿ.

ಊಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಸಸ್ಯಾಹಾರಿಗಳಿಗೆ ಇದೇ ದೊಡ್ಡ ಯೋಚನೆ ಅಲ್ವಾ. ಫಲಾಫೆಲ್ (ಕಡಲೆಕಾಳಿನ ವಡೆ), ಪಿಜ್ಜಾ ಸುಲಭವಾಗಿ ಸಿಗುತ್ತವೆ. ಸೂಪ್ ತಗೊಳ್ಳುವ ಮುಂಚೆ ಅದರ ನೀರು ಮಾಂಸ ಬೇಯಿಸಿದ್ದಾ, ಬರೀ ತರಕಾರಿಯದ್ದಾ ಅಂತ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎಲ್ಲಾ ಕಡೆ ಬೋರ್ಡಿನಲ್ಲಿ ಕಾಣುವ ಚೌಡರ್ ಅನ್ನುವ ಗಟ್ಟಿ ಸೂಪ್ ಮೀನಿನದು, ಬಿಳಿ ಬಣ್ಣ ನೋಡಿ ಮೋಸ ಹೋಗಬೇಡಿ. ಸೋಡಾ ಮತ್ತು ಮಜ್ಜಿಗೆ ಹಾಕಿ ಮಾಡುವ ಬ್ರೌನ್ ಬ್ರೆಡ್ಡನ್ನು ಬೆಣ್ಣೆ ಸವರಿ ತಿನ್ನಿ. ಮಜ್ಜಿಗೆ ಅಂದ ಮೇಲೆ ಅಮ್ಮ ಎರಡನೇ ಚೂರು ತಾವಾಗಿಯೇ ಕೇಳಿದರು. ಹೊರಗಿನ ಊಟ ಆಗದವರು ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಬನ್ನಿ, ಫ್ಲಾಸ್ಕಿನಲ್ಲಿ ಬಿಸಿನೀರು ಇರಲಿ.

ನಾವು ಮಧ್ಯಾಹ್ನ ಊಟ ಮುಗಿಸಿ ಮ್ಯೂಸಿಯಂ ನೋಡಿ ಆಮೇಲೆ ಸಮುದ್ರ ಅಂದುಕೊಂಡಿದ್ದೆವು. ಹನ್ನೆರಡರ ಹೊತ್ತಿಗೆ ಮೋಡ ಸರಿದು ಬಿಸಿಲು ಬಿತ್ತು. ಪ್ಲಾನ್ ಬದಿಗಿಟ್ಟು ಐರ್ ಸ್ಕ್ವೇರ್‌ನಲ್ಲಿ 401 ನಂಬರ್ ಬಸ್ ಹತ್ತಿ ಸಾಲ್ಟ್‌ಹಿಲ್‌ಗೆ ಹೋದೆವು. ನೀವೂ ಹೀಗೇ ಮಾಡಿ. ಪಶ್ಚಿಮ ತೀರದಲ್ಲಿ ಬಿಸಿಲು ಬಂತೆಂದರೆ ಕೈಯಲ್ಲಿರುವ ಕೆಲಸ ಬಿಟ್ಟು ಸಮುದ್ರಕ್ಕೆ ಹೋಗಿ, ಮ್ಯೂಸಿಯಂ ಎಲ್ಲೂ ಓಡಿಹೋಗುವುದಿಲ್ಲ. ಡಬ್ಲಿನ್‌ನಲ್ಲಿ ಬಸ್ಸು, ಟ್ರಾಮಿಗೆ ದುಡ್ಡು ತುಂಬಿಸಿ ಬಳಸುವ ಲೀಪ್ ಕಾರ್ಡ್ ಈ ಬಸ್ಸಿನಲ್ಲೂ ನಡೆಯುತ್ತದೆ.

ಸಾಲ್ಟ್‌ಹಿಲ್‌ನಲ್ಲಿ ಸಮುದ್ರದ ಪಕ್ಕಕ್ಕೇ ಉದ್ದಕ್ಕೂ ಕಾಲುದಾರಿ ಇದೆ. ಕೊಲ್ಲಿಯ ಆಚೆ ದಡದಲ್ಲಿ ಕ್ಲೇರ್ ಜಿಲ್ಲೆಯ ಬೂದು ಬೆಟ್ಟಗಳು. ದಾರಿ ಮುಗಿಯುವ ಕಡೆ ಒಂದು ಗೋಡೆ ಇದೆ, ವಾಕಿಂಗ್ ಬಂದವರು ಅದಕ್ಕೆ ಕಾಲಿನಿಂದ ಒಮ್ಮೆ ಒದ್ದು ವಾಪಸ್ ತಿರುಗುತ್ತಾರೆ. ಅದು ಅಲ್ಲಿನ ಪದ್ಧತಿ. ಮಗಳು ಒದ್ದಳು, ಅಪ್ಪನೂ ಒದ್ದರು, ಅಮ್ಮ ಮಾತ್ರ ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಂಡರು! ಪಕ್ಕದಲ್ಲೇ ಬ್ಲ್ಯಾಕ್‌ರಾಕ್ ಅನ್ನುವ ಹಳದಿ ಡೈವಿಂಗ್ ಟವರ್. ಆ ಚಳಿಯಲ್ಲಿ ನಮ್ಮ ಅಮ್ಮನ ವಯಸ್ಸಿನ ಹೆಂಗಸರು ಟೋಪಿ ಹಾಕಿಕೊಂಡು ಮೆಟ್ಟಿಲಿಳಿದು ನೀರಿಗೆ ಹೋಗಿ, ಈಜಿ, ಮೇಲೆ ಬಂದು ನಗುತ್ತಾ ಚಹಾ ಕುಡಿಯುತ್ತಿದ್ದರು. ಅಮ್ಮ ಅವರನ್ನು ನೋಡುತ್ತಾ ನಿಂತುಬಿಟ್ಟರು, ಕರೆದರೂ ಬರಲಿಲ್ಲ. ಮತ್ತೆ ಮಳೆ ಬಂದರೆ ಹತ್ತಿರದಲ್ಲೇ ಅಟ್ಲಾಂಟಕ್ವೇರಿಯಾ ಅನ್ನುವ ಮೀನುಗಳ ಪ್ರದರ್ಶನಾಲಯ ಇದೆ, ಮಕ್ಕಳಿಗೆ ಖುಷಿಯಾಗುತ್ತದೆ. ಚಳಿಗಾಲದಲ್ಲಿ ಯಾವ ದಿನ ತೆರೆದಿರುತ್ತದೆ ಅಂತ ನೋಡಿಕೊಂಡೇ ಹೋಗಿ.

ಗಾಳಿ ಬಗ್ಗೆ ಹೇಳಲೇಬೇಕು. ಉಷ್ಣಾಂಶ 5, 6 ಡಿಗ್ರಿ ಅಂತ ಫೋನ್ ತೋರಿಸಿದರೂ ಗಾಳಿಗೆ ಕಿವಿ ನೋಯುತ್ತದೆ. ಛತ್ರಿ ತರಲೇಬೇಡಿ, ಎರಡು ನಿಮಿಷದಲ್ಲಿ ಮಗುಚಿಕೊಳ್ಳುತ್ತದೆ. ಟೋಪಿ ಇರುವ ರೇನ್‌ಕೋಟ್ ಬೇಕು. ಅಮ್ಮನಿಗೆ ಒಳಗೆ ಥರ್ಮಲ್, ಮೇಲೆ ಚೂಡಿದಾರ್, ಸ್ವೆಟರ್, ಅದರ ಮೇಲೆ ಜಾಕೆಟ್ ಹಾಕಿಸಿದ್ದೆವು. ಸೀರೆ ಬೇಡ, ಕೆಳಗಿನ ಅಂಚು ನೆನೆದರೆ ದಿನವಿಡೀ ಆರುವುದಿಲ್ಲ. ಮಕ್ಕಳಿಗೆ ಒಂದು ಜೊತೆ ಸಾಕ್ಸ್ ಜಾಸ್ತಿ ಇಟ್ಟುಕೊಳ್ಳಿ.

ಮೂರು ಗಂಟೆಗೆ ಊರೊಳಗೆ ವಾಪಸ್. ಕಾರಿಬ್ ನದಿ ಸಮುದ್ರ ಸೇರುವ ಜಾಗದಲ್ಲೇ ಸ್ಪ್ಯಾನಿಷ್ ಆರ್ಚ್ ಅನ್ನುವ ಕಲ್ಲಿನ ಕಮಾನು, 1584ರದು. 1755ರಲ್ಲಿ ಲಿಸ್ಬನ್‌ನಲ್ಲಿ ಭೂಕಂಪ ಆದಾಗ ಎದ್ದ ಸುನಾಮಿ ಇಲ್ಲಿಯವರೆಗೂ ಬಂದು ಇದರ ಒಂದು ಭಾಗ ಕೆಡವಿತ್ತು. ಪಿಡಬ್ಲ್ಯೂಡಿಯಲ್ಲಿ ಕೆಲಸ ಮಾಡಿದ ಅಪ್ಪ ಕಲ್ಲಿನ ಸಂದಿಗಳನ್ನು ಬೆರಳಲ್ಲಿ ಸವರಿ ನೋಡಿದರು. ಎದುರು ದಡ ಕ್ಲಾಡಾ, ಅಲ್ಲಿ ಹಿಂಡು ಹಿಂಡು ಹಂಸಗಳು. ಕಾರಿಬ್ ಚಿಕ್ಕ ನದಿ, ಆದರೆ ಮಳೆಗಾಲದ ನಮ್ಮ ತುಂಗೆಯಷ್ಟೇ ರಭಸ, ದಂಡೆಯಲ್ಲಿ ತಡೆಗೋಡೆ ಇಲ್ಲದ ಕಡೆ ಮಕ್ಕಳ ಕೈ ಬಿಡಬೇಡಿ. ಕತ್ತಲಾಗುವ ಹೊತ್ತಿಗೆ ಪಕ್ಕದ ಸಿಟಿ ಮ್ಯೂಸಿಯಂ ಸೇರಿಕೊಂಡೆವು. ಪ್ರವೇಶ ಉಚಿತ, ಒಳಗೆ ಬೆಚ್ಚಗಿರುತ್ತದೆ, ಕೂರಲು ಜಾಗ ಇದೆ, ವಯಸ್ಸಾದವರಿಗೆ ಇದಕ್ಕಿಂತ ಬೇಕಾ? ಕಾಲಿನಲ್ಲಿ ಶಕ್ತಿ ಉಳಿದಿದ್ದರೆ ಸಾಲ್ಮನ್ ವಿಯರ್ ಸೇತುವೆ ದಾಟಿ ಕೆಥೆಡ್ರಲ್ ನೋಡಿ, 1965ರಲ್ಲಿ ಹಳೇ ಜೈಲಿನ ಜಾಗದಲ್ಲಿ ತೆರೆದದ್ದು.

ಸಂಜೆ ಪಬ್‌ಗಳಲ್ಲಿ ಪಿಟೀಲು, ಕೊಳಲು ಬಾರಿಸುತ್ತಾರೆ. ಮಕ್ಕಳನ್ನು ದೊಡ್ಡವರ ಜೊತೆ ಚಳಿಗಾಲದಲ್ಲಿ ರಾತ್ರಿ ಒಂಬತ್ತರವರೆಗೆ ಒಳಗೆ ಬಿಡುತ್ತಾರೆ. ಅಮ್ಮ ಮೊದಲು ಬೇಡವೇ ಬೇಡ ಅಂದಿದ್ದರು. ನಾವು ಮೂಲೆಯಲ್ಲಿ ಕೂತು ಹಾಟ್ ಚಾಕೊಲೇಟ್ ಕುಡಿದೆವು, ಯಾರೂ ತಿರುಗಿ ನೋಡಲಿಲ್ಲ, ಅಮ್ಮ ತಾಳ ಹಾಕುತ್ತಾ ಇನ್ನೊಂದು ಹಾಡು ಆಗಲಿ ಅಂದರು. ಕೊನೆಯ ಟ್ರೇನ್ ತುಂಬಾ ತಡವಾಗಿ ಇರುವುದಿಲ್ಲ, ಹಾಡಿನ ಆಸೆ ಇರುವವರು ವಾಪಸ್ ಬರಲು ಬಸ್ ಬುಕ್ ಮಾಡಿ.

ಊರಿಂದ ಬರುವವರಿಗೆ ಐರ್ಲೆಂಡ್ ವೀಸಾ ಬೇರೆಯೇ ಬೇಕು, ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ. ದಿನ ಆರಿಸುವಾಗ ಡಿಸೆಂಬರ್ 25 ಬಿಟ್ಟುಬಿಡಿ, ಅವತ್ತು ಟ್ರೇನ್ ಇಲ್ಲ, ಬಹುತೇಕ ಎಲ್ಲಾ ಅಂಗಡಿ ಬಂದ್. 26ಕ್ಕೂ ಟ್ರೇನ್ ನಂಬಿಕೊಳ್ಳಬೇಡಿ. ಕ್ರಿಸ್‌ಮಸ್ ಮಾರ್ಕೆಟ್ ನೋಡಬೇಕು ಅಂದರೆ ಹಬ್ಬಕ್ಕೆ ಒಂದು ವಾರ ಮುಂಚಿನ ಶನಿವಾರ ಹೋಗಿ.