ಗೊಂಬೆ ಬೀಳುವ ಪರಿ

ಬೆಳಗ್ಗಿನಿಂದ ಉಡುಪಿಯಲ್ಲಿ ಜಡಿಮಳೆ. ಅಕ್ಕನ ಮಗ ಲ್ಯಾಪ್‌ಟಾಪ್ ಮುಂದೆ ಕುಳಿತು ‘ಪೀಪಲ್ ಪ್ಲೇಗ್ರೌಂಡ್’ ಆಡುತ್ತಿದ್ದ. 2019ರಲ್ಲಿ ಬಂದ ಆಟ. ಗೆಲುವಿಲ್ಲ, ಸೋಲಿಲ್ಲ, ಅಂಕವೂ ಇಲ್ಲ. ಗೊಂಬೆಯಂತಹ ಮನುಷ್ಯನನ್ನು ಎತ್ತಿ ಎಸೆಯುವುದು, ಮೈಗೆ ಕರೆಂಟು ಹಾಯಿಸುವುದು, ಅಷ್ಟೇ.

“ಎಂಥ ಕ್ರೌರ್ಯ ಮಾರಾಯ!” ಎಂದೆ.

“ಮಾಮ, ನೀವೊಮ್ಮೆ ಬೀಳಿಸಿ ನೋಡಿ” ಎಂದು ಮೌಸ್ ಕೊಟ್ಟ.

ಮುಕ್ಕಾಲು ಗಂಟೆ ನಾನು ಅದನ್ನು ಕೆಳಗಿಡಲಿಲ್ಲ. ತಟ್ಟೆಯಲ್ಲಿದ್ದ ಗೋಳಿಬಜೆ ತಣ್ಣಗಾಯಿತು. ನನ್ನನ್ನು ಹಿಡಿದಿಟ್ಟದ್ದು ರಕ್ತವಲ್ಲ (ಹಾಗೆಂದು ನಂಬಿಕೊಂಡಿದ್ದೇನೆ), ಬೀಳುವ ರೀತಿ. ಮೊದಲೇ ಚಿತ್ರಿಸಿಟ್ಟ ಚಲನೆಯಲ್ಲ ಅದು. ಒಂದೊಂದು ಅಂಗದ ತೂಕ, ವೇಗ, ಗುರುತ್ವಾಕರ್ಷಣೆಯನ್ನು ಕಂಪ್ಯೂಟರ್ ಆಯಾ ಕ್ಷಣಕ್ಕೆ ಲೆಕ್ಕ ಹಾಕುತ್ತದೆ. ಬೀಳಿಸುವ ಕೈ ಕೂದಲೆಳೆಯಷ್ಟು ಅಲುಗಿದರೂ ಬೀಳುವ ಬಗೆ ಬೇರೆ. ಒಮ್ಮೆ ಮೊಣಕಾಲು ಮಡಚಿತು, ಇನ್ನೊಮ್ಮೆ ತಲೆ ಮೊದಲು ನೆಲ ಮುಟ್ಟಿತು. ಚಿಕ್ಕಂದಿನಲ್ಲಿ ಮಲ್ಪೆಯಲ್ಲಿ ಮರಳಿನ ಮನೆ ಕಟ್ಟಿ, ತೆರೆ ಬರುವವರೆಗೂ ಕಾಯದೆ ನಾವೇ ಒದ್ದು ಬೀಳಿಸುತ್ತಿದ್ದೆವು. ಕಟ್ಟುವಾಗ ಇಲ್ಲದ ನಗು ಆಗ ಬರುತ್ತಿತ್ತು.

“ಇಬ್ಬರಿಗೂ ಬೇರೆ ಕೆಲಸ ಇಲ್ಲವೇ?” ಅಕ್ಕ ಒಳಗಿನಿಂದ ಕೂಗಿದಳು.

ಗೊಂಬೆಯ ಒಂದು ಕೈ ಹಲಗೆಯ ಅಂಚಿಗೆ ಸಿಕ್ಕಿಕೊಂಡು ಇನ್ನೂ ತೂಗುತ್ತಿತ್ತು.